‘ನೀವೇ ರಾಜೀನಾಮೆ ಕೊಟ್ಟುಬಿಡಿ’ ಅಂದಾಗ

ಪ್ರಶ್ನೆ: ನನಗೆ 37 ವರ್ಷ. ಊರು ಹಾಸನದ ಹತ್ತಿರ. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಸರ್ವೀಸ್ ಕಂಪನಿಯಲ್ಲಿ ಒಂಬತ್ತು ವರ್ಷದಿಂದ ಟೆಸ್ಟಿಂಗ್ ಮಾಡುತ್ತಿದ್ದೇನೆ. ಹುದ್ದೆಯ ಹೆಸರು ‘ಟೆಸ್ಟ್ ಲೀಡ್’. ಎರಡು ತಿಂಗಳ ಹಿಂದೆ ಪ್ರಾಜೆಕ್ಟ್ ಮುಗಿದು ಬೆಂಚ್‌ಗೆ, ಅಂದರೆ ಪ್ರಾಜೆಕ್ಟ್ ಇಲ್ಲದೆ ಕಾಯುವವರ ಸಾಲಿಗೆ ಬಂದೆ. ಹೋದ ಗುರುವಾರ ಎಚ್‌ಆರ್ ಕರೆದು, ‘ಸೋಮವಾರದೊಳಗೆ ಪೋರ್ಟಲ್‌ನಲ್ಲಿ ರಾಜೀನಾಮೆ ಹಾಕಿ, ಮೂರು ತಿಂಗಳ ಸಂಬಳದ ಪ್ಯಾಕೇಜ್ ಕೊಡುತ್ತೇವೆ. ಹಾಕದಿದ್ದರೆ ಟರ್ಮಿನೇಟ್ ಮಾಡಬೇಕಾಗುತ್ತದೆ, ರಿಲೀವಿಂಗ್ ಲೆಟರ್ ಸಿಗಲ್ಲ, ಮುಂದೆ ಬೇರೆ ಕಡೆ ಕೆಲಸ ಸಿಗೋದೂ ಕಷ್ಟ’ ಅಂದರು. ಎಲ್ಲ ಬಾಯಿಮಾತು, ಒಂದು ಮೇಲ್ ಇಲ್ಲ. ನನ್ನ ಅಪ್ರೈಸಲ್‌ಗಳು ಚೆನ್ನಾಗಿಯೇ ಇವೆ. ಮನೆ ಸಾಲ ಇದೆ. ಹೆಂಡತಿ ‘ಸುಮ್ನೆ ಬರೆದುಕೊಟ್ಟು ಬನ್ನಿ, ಹೆಸರು ಕೆಡೋದು ಬೇಡ’ ಅಂತಾಳೆ. ಏನು ಮಾಡಲಿ?
ಹೆಸರು ಬೇಡ, ಬೆಂಗಳೂರು

ಉತ್ತರ: ಸೋಮವಾರ ರಾಜೀನಾಮೆ ಹಾಕಬೇಡಿ. ಉಳಿದದ್ದನ್ನು ನಿಧಾನವಾಗಿ ಓದಿಕೊಂಡರೂ ನಡೆಯುತ್ತದೆ, ಇದೊಂದು ಮೊದಲು ತಲೆಯಲ್ಲಿರಲಿ.

ನಾನು ಈಗ ಕಾರ್ಮಿಕರ ಕೇಸು ನಡೆಸುವ ವಕೀಲ. ಅದಕ್ಕೆ ಮುಂಚೆ ಕೆಲವು ವರ್ಷ ಎಚ್‌ಆರ್‌ನಲ್ಲಿದ್ದೆ, ಅಂದರೆ ನಿಮ್ಮ ಎದುರಿನ ಕುರ್ಚಿಯಲ್ಲಿ. ಹೇಳಿಕೊಳ್ಳೋಕೆ ಹೆಮ್ಮೆಯೇನಿಲ್ಲ. ಇಂಥ ಮೀಟಿಂಗ್‌ಗೆ ಮೊದಲು ನಮಗೊಂದು ಹಾಳೆ ಕೊಡುತ್ತಿದ್ದರು. ಮೊದಲ ಎರಡು ನಿಮಿಷ ಏನು ಹೇಳಬೇಕು, ಎದುರಿನವರು ‘ನಾನೇ ಯಾಕೆ?’ ಅಂದರೆ ಏನು ಹೇಳಬೇಕು, ಅತ್ತರೆ ಎಷ್ಟು ಹೊತ್ತು ಸುಮ್ಮನಿರಬೇಕು, ಎಲ್ಲ ಅದರಲ್ಲಿತ್ತು. ಟೇಬಲ್ ಮೇಲೆ ಟಿಶ್ಯೂ ಡಬ್ಬಿ ಇಟ್ಟಿರಬೇಕು ಅಂತಲೂ ಬರೆದಿತ್ತು. ಮೀಟಿಂಗ್‌ಗೆ ‘ಕ್ಯಾಚ್ ಅಪ್’ ಅಂತ ಹೆಸರು. ವಾರದ ಕೊನೆ, ಸಂಜೆ ನಾಲ್ಕರ ಮೇಲೆ. ಆ ಹೊತ್ತಿನಲ್ಲಿ ಯಾವ ವಕೀಲನೂ ಸಿಗಲ್ಲ, ಯಾವ ಆಫೀಸೂ ತೆರೆದಿರಲ್ಲ, ಅಲ್ವಾ? ಹಾಳೆಯ ಕೊನೆಯ ಸಾಲು ಮಾತ್ರ ದಪ್ಪಕ್ಷರದಲ್ಲಿ ಇರುತ್ತಿತ್ತು: ಆ ವ್ಯಕ್ತಿ ಕೋಣೆಯಿಂದ ಹೊರಗೆ ಹೋಗುವಷ್ಟರಲ್ಲಿ ಪೋರ್ಟಲ್‌ನಲ್ಲಿ ರಾಜೀನಾಮೆ ಸಬ್ಮಿಟ್ ಆಗಿರಬೇಕು, ಕಾರಣದ ಜಾಗದಲ್ಲಿ ‘ವೈಯಕ್ತಿಕ’ ಅಂತ ಆರಿಸಿರಬೇಕು.

ಆಗ ನನಗೊಂದು ಅರ್ಥವಾಗುತ್ತಿರಲಿಲ್ಲ. ಬೇಡವಾದರೆ ಕಂಪನಿಯೇ ಒಂದು ಲೆಟರ್ ಕೊಟ್ಟು ಕಳಿಸಬಹುದಲ್ಲ, ಹೋಗುವವರ ಕೈಯಲ್ಲೇ ಬರೆಸುವ ಹಠ ಯಾಕೆ ಅಂತ. ಕಾನೂನು ಓದಿದ ಮೇಲೆ ತಿಳಿಯಿತು. ನಿಮ್ಮ ಪ್ರಶ್ನೆಗೆ ಉತ್ತರವೂ ಅಲ್ಲೇ ಇದೆ.

ಕಂಪನಿ ತಾನಾಗಿ ಕಳಿಸಿದರೆ ಅದು ಕಾನೂನಿನ ಕಣ್ಣಲ್ಲಿ ರಿಟ್ರೆಂಚ್‌ಮೆಂಟ್. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿ ಹಾಗಿತ್ತು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಬಂದಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಹಾಗೇ ಇದೆ. ಮಾಲೀಕರು ‘ಯಾವುದೇ ಕಾರಣಕ್ಕೆ’ ಕೆಲಸದಿಂದ ತೆಗೆದರೂ ಅಂತಲೇ ಅದರ ಮಾತು. ಶಿಸ್ತುಕ್ರಮದ ಶಿಕ್ಷೆ, ನಿವೃತ್ತಿ, ಅವಧಿ ಮುಗಿದ ಕಾಂಟ್ರ್ಯಾಕ್ಟ್, ಹೀಗೆ ಕೆಲವನ್ನು ಬಿಟ್ಟರೆ ಉಳಿದದ್ದೆಲ್ಲ ಅದರೊಳಗೇ ಬರುತ್ತದೆ. ‘ಪ್ರಾಜೆಕ್ಟ್ ಇಲ್ಲ’ ಅನ್ನುವುದೂ ಬರುತ್ತದೆ, ‘ನಿಮ್ಮ ಸ್ಕಿಲ್ ಹಳೆಯದಾಯಿತು’ ಅನ್ನುವುದೂ ಬರುತ್ತದೆ.

ರಿಟ್ರೆಂಚ್‌ಮೆಂಟ್ ಆದರೆ ಕಂಪನಿಗೆ ತಲೆನೋವು ಜಾಸ್ತಿ. ಒಂದು ವರ್ಷ ಸೇವೆ ಆದವರಿಗೆ ಕಾರಣ ಬರೆದು ಒಂದು ತಿಂಗಳ ನೋಟಿಸ್ ಕೊಡಬೇಕು, ಇಲ್ಲವೇ ಆ ತಿಂಗಳ ಸಂಬಳ ಕೊಡಬೇಕು. ಪೂರ್ತಿಯಾದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನ ಪರಿಹಾರವಾಗಿ ಕೊಡಬೇಕು. ಸರ್ಕಾರಕ್ಕೆ ತಿಳಿಸಬೇಕು. ಒಂದೇ ದರ್ಜೆಯಲ್ಲಿ ಇರುವವರ ಪೈಕಿ ಕೊನೆಗೆ ಸೇರಿದವರನ್ನು ಮೊದಲು ಕಳಿಸಬೇಕು, ಹಾಗೆ ಮಾಡದಿದ್ದರೆ ಯಾಕೆ ಅಂತ ಬರೆದಿಡಬೇಕು. ಹೊಸ ಸಂಹಿತೆ ಇನ್ನೊಂದನ್ನು ಸೇರಿಸಿದೆ. ಹೀಗೆ ಕೆಲಸ ಹೋದವರು ಹೊಸ ಕೌಶಲ ಕಲಿಯಲೆಂದು ಒಂದು ನಿಧಿ ಇದೆ, ಅದಕ್ಕೆ ಕಂಪನಿ ತಲಾ 15 ದಿನದ ವೇತನ ಕಟ್ಟಬೇಕು, ಆ ದುಡ್ಡು 45 ದಿನದೊಳಗೆ ನಿಮ್ಮ ಖಾತೆಗೆ ಬರಬೇಕು.

ಕರ್ನಾಟಕದಲ್ಲಿ ಇದರ ಮೇಲೆ ಇನ್ನೊಂದು ಮಾತಿದೆ. ಕೆಲಸದ ಷರತ್ತುಗಳನ್ನು ಬರೆದು ಗೊತ್ತುಮಾಡಬೇಕು ಅನ್ನುವ ಸ್ಥಾಯಿ ಆದೇಶಗಳ ಕಾಯ್ದೆ ಅಂತ ಒಂದಿತ್ತು, ಈಗ ಅದೂ ಹೊಸ ಸಂಹಿತೆಯೊಳಗೆ ಸೇರಿದೆ. ಅದರಿಂದ ಐಟಿ ಕಂಪನಿಗಳಿಗೆ ರಾಜ್ಯ ಸರ್ಕಾರ ವಿನಾಯ್ತಿ ಕೊಡುತ್ತಾ ಬಂದಿತ್ತು. 2024ರಲ್ಲಿ ಮತ್ತೆ ಐದು ವರ್ಷಕ್ಕೆ ಕೊಟ್ಟಿತು. ಆದರೆ ಬಿಟ್ಟಿಯಾಗಿ ಕೊಟ್ಟಿಲ್ಲ. ಆಡಳಿತದವರು ಮತ್ತು ನೌಕರರು ಸಮಸಂಖ್ಯೆಯಲ್ಲಿರುವ ಕುಂದುಕೊರತೆ ಸಮಿತಿ ಇರಬೇಕು, ಯಾರನ್ನಾದರೂ ಅಮಾನತು ಮಾಡಿದರೆ, ಹಿಂಬಡ್ತಿ ಕೊಟ್ಟರೆ, ಕೆಲಸದಿಂದ ತೆಗೆದರೆ ಕಾರ್ಮಿಕ ಇಲಾಖೆಗೆ ಮಾಹಿತಿ ಕೊಡಬೇಕು ಅಂತ ಷರತ್ತು ಹಾಕಿತು. ‘ಐಟಿಯವರಿಗೆ ಲೇಬರ್ ಕಾನೂನು ಬರಲ್ಲ’ ಅಂತ ಕೆಫೆಟೇರಿಯಾದಲ್ಲಿ ಎಲ್ಲರೂ ಹೇಳುತ್ತಾರೆ. ಎಚ್‌ಆರ್ ಕೂಡ ಅದನ್ನು ತಿದ್ದಲು ಹೋಗುವುದಿಲ್ಲ, ಯಾಕೆ ತಿದ್ದುತ್ತಾರೆ?

ಈಗ ನೀವೇ ‘ವೈಯಕ್ತಿಕ ಕಾರಣ’ ಅಂತ ಹಾಕಿ ಒಂದು ಬಟನ್ ಒತ್ತಿದಿರಿ ಅಂತ ಇಟ್ಟುಕೊಳ್ಳಿ. ಮೇಲೆ ಹೇಳಿದ ಯಾವುದೂ ಕಂಪನಿಗೆ ಬೇಕಿಲ್ಲ. ಪರಿಹಾರ ಇಲ್ಲ, ಇಲಾಖೆಗೆ ಪತ್ರ ಇಲ್ಲ, ಯಾರು ಮೊದಲು ಯಾರು ಕೊನೆ ಅನ್ನುವ ಲೆಕ್ಕ ಇಲ್ಲ. ಕಂಪನಿಯ ಲೆಕ್ಕದಲ್ಲಿ ನೀವು ‘ಅಟ್ರಿಷನ್’, ಅಂದರೆ ತಾವಾಗಿ ಬಿಟ್ಟುಹೋದವರ ಕಾಲಂನಲ್ಲಿ ಒಂದು ಅಂಕೆ. ‘ನಮ್ಮಲ್ಲಿ ಲೇಆಫ್ ನಡೆದೇ ಇಲ್ಲ’ ಅಂತ ಪತ್ರಿಕೆಯವರಿಗೆ ಹೇಳಿದರೆ ಅದು ಸುಳ್ಳೂ ಆಗುವುದಿಲ್ಲ. ಅದಕ್ಕೇ ಆ ಬಟನ್ ಅವರಿಗೆ ಅಷ್ಟು ಬೆಲೆಬಾಳುವ ವಸ್ತು. ಬೆದರಿಕೆ, ಪ್ಯಾಕೇಜ್, ಸೋಮವಾರದ ಗಡುವು ಎಲ್ಲ ಅದನ್ನು ನಿಮ್ಮಿಂದ ಒತ್ತಿಸಲು ಇರುವ ಉಪಾಯಗಳು.

ಆ ಪ್ಯಾಕೇಜನ್ನೇ ಸ್ವಲ್ಪ ಬಿಡಿಸಿ ನೋಡೋಣ. ನಿಮ್ಮ ಸಂಬಳ ಎಷ್ಟು ಅಂತ ನೀವು ಬರೆದಿಲ್ಲ. ಕಾನೂನು ಲೆಕ್ಕಕ್ಕೆ ತೆಗೆದುಕೊಳ್ಳುವ ವೇತನ ತಿಂಗಳಿಗೆ 80,000 ಅಂತ ಇಟ್ಟುಕೊಳ್ಳುತ್ತೇನೆ. ಸಿಟಿಸಿಯನ್ನು, ಅಂದರೆ ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚನ್ನು ಹನ್ನೆರಡರಿಂದ ಭಾಗಿಸಿದ್ದು ಅಂತ ತಿಳಿಯಬೇಡಿ, ಅದು ಬೇರೆ. ಮೂರು ತಿಂಗಳ ಪ್ಯಾಕೇಜ್ ಅಂದರೆ 2,40,000. ಈಗ ನಿಮ್ಮ ಅಪಾಯಿಂಟ್‌ಮೆಂಟ್ ಲೆಟರ್ ಹೊರಗೆ ತೆಗೆದು ನೋಟಿಸ್ ಅವಧಿ ನೋಡಿ. ಹೆಚ್ಚಿನ ಕಂಪನಿಗಳಲ್ಲಿ 90 ದಿನ ಇರುತ್ತದೆ, ಎರಡೂ ಕಡೆಯವರಿಗೆ. ನಿಮ್ಮದರಲ್ಲೂ ಹಾಗೇ ಇದ್ದರೆ, ಅವರು ಉದಾರವಾಗಿ ಕೊಡುತ್ತೇವೆ ಅನ್ನುತ್ತಿರುವುದು ನಿಮಗೆ ಹೇಗೂ ಬರಬೇಕಾದ ನೋಟಿಸ್ ಸಂಬಳ. ಒಂದು ರೂಪಾಯಿ ಹೆಚ್ಚಿಗೆ ಇಲ್ಲ. ಕೆಲವು ಕಡೆ ಗ್ರಾಚ್ಯುಟಿಯನ್ನೂ, ಉಳಿದ ರಜೆಯ ದುಡ್ಡನ್ನೂ ಸೇರಿಸಿ ದೊಡ್ಡ ಮೊತ್ತ ಮಾಡಿ ತೋರಿಸುತ್ತಾರೆ. ಐದು ವರ್ಷ ದಾಟಿದವರಿಗೆ ಗ್ರಾಚ್ಯುಟಿ ರಾಜೀನಾಮೆ ಕೊಟ್ಟರೂ ಬರುತ್ತದೆ, ತೆಗೆದುಹಾಕಿದರೂ ಬರುತ್ತದೆ. ವರ್ಷಕ್ಕೆ 15 ದಿನ, ತಿಂಗಳಿಗೆ 26 ದಿನ ಅಂತ ಲೆಕ್ಕ. ನಿಮಗೆ ಸುಮಾರು 4,15,000 ಆಗುತ್ತದೆ. ಅದು ನೀವು ದುಡಿದದ್ದು. ನಮ್ಮ ಮನೆಯ ಹಾಲನ್ನೇ ನಮಗೆ ಮಾರಿದ ಹಾಗೆ ಇದು.

ಹಾಗಾದರೆ ರಾಜೀನಾಮೆಯಿಂದ ಹೋಗುವುದೇನು? ಒಂಬತ್ತು ವರ್ಷಕ್ಕೆ ವರ್ಷಕ್ಕೊಂದು ಅರ್ಧ ತಿಂಗಳಿನಂತೆ 3,60,000. ನಿಧಿಯ 40,000. ಒಟ್ಟು ನಾಲ್ಕು ಲಕ್ಷ. ಗುರುವಾರ ಎಚ್‌ಆರ್ ಬಾಯಲ್ಲಿ ಬರದೇ ಹೋದ ದುಡ್ಡು ಇದು.

ಇಲ್ಲಿ ಒಂದು ದೊಡ್ಡ ‘ಆದರೆ’ ಇದೆ. ಇದೆಲ್ಲ ಕಾನೂನು ‘ಕಾರ್ಮಿಕ’ ಅಂತ ಒಪ್ಪುವವರಿಗೆ ಮಾತ್ರ. ಮ್ಯಾನೇಜರ್ ಕೆಲಸ ಮಾಡುವವರು ಅದರೊಳಗೆ ಬರುವುದಿಲ್ಲ. ಮೇಲ್ವಿಚಾರಣೆಯ ಕೆಲಸದಲ್ಲಿದ್ದು ತಿಂಗಳಿಗೆ 18,000ಕ್ಕಿಂತ ಜಾಸ್ತಿ ಸಂಬಳ ಇರುವವರೂ ಬರುವುದಿಲ್ಲ. ‘ನೀವು ಲೀಡ್, ಅಂದರೆ ಮ್ಯಾನೇಜ್‌ಮೆಂಟ್’ ಅಂತ ಕಂಪನಿ ವಾದಿಸುವುದು ಖಂಡಿತ. ಈ ಊರಿನಲ್ಲಿ ಎರಡು ವರ್ಷ ಕೆಲಸ ಮಾಡಿದವರಿಗೂ ಲೀಡ್, ಕನ್ಸಲ್ಟೆಂಟ್, ಸ್ಪೆಷಲಿಸ್ಟ್ ಅಂತ ಹೆಸರು ಹಂಚುವುದರ ಹಿಂದೆ ಬರೀ ಪ್ರೀತಿ ಇದೆ ಅಂತ ನನಗೆ ಅನಿಸುವುದಿಲ್ಲ. ಆದರೆ ಹುದ್ದೆಯ ಹೆಸರು ನೋಡಬೇಡಿ, ನಿಜವಾಗಿ ಮಾಡುತ್ತಿದ್ದ ಕೆಲಸ ನೋಡಿ ಅಂತ ಸುಪ್ರೀಂ ಕೋರ್ಟ್ 1994ರಲ್ಲೇ ಹೇಳಿದೆ. ಚೆನ್ನೈನಲ್ಲಿ ದೊಡ್ಡ ಐಟಿ ಕಂಪನಿಯೊಂದು 2015ರಲ್ಲಿ ಒಬ್ಬ ಎಂಜಿನಿಯರ್‌ನನ್ನು ತೆಗೆದು, ಆತ ಮ್ಯಾನೇಜರ್ ದರ್ಜೆಯವನು ಅಂತ ವಾದಿಸಿತ್ತು. ಅಲ್ಲಿನ ಲೇಬರ್ ಕೋರ್ಟ್ 2022ರಲ್ಲಿ ಆ ವಾದ ಒಪ್ಪದೆ, ಹಿಂಬಾಕಿ ಸಂಬಳದ ಸಮೇತ ಕೆಲಸಕ್ಕೆ ವಾಪಸ್ ತೆಗೆದುಕೊಳ್ಳಿ ಅಂದಿತು.

ಆದ್ದರಿಂದ ನೀವೇ ಕೇಳಿಕೊಳ್ಳಿ: ದಿನವಿಡೀ ಏನು ಮಾಡುತ್ತಿದ್ದೆ? ಟೆಸ್ಟ್ ಕೇಸ್ ಬರೆದು, ಓಡಿಸಿ, ಬಗ್ ದಾಖಲಿಸುತ್ತಿದ್ದಿರಾ? ಅಥವಾ ಹತ್ತು ಜನರ ರಜೆ ಮಂಜೂರು ಮಾಡಿ, ಅವರ ರೇಟಿಂಗ್ ನಿರ್ಧರಿಸಿ, ಯಾರನ್ನು ತೆಗೆದುಕೊಳ್ಳಬೇಕು ಯಾರನ್ನು ಬಿಡಬೇಕು ಅಂತ ಹೇಳುತ್ತಿದ್ದಿರಾ? ಮೊದಲನೆಯದಾದರೆ ನಿಮ್ಮ ನೆಲ ಗಟ್ಟಿಯಾಗಿದೆ. ಎರಡನೆಯದಾದರೆ ನಿಮ್ಮ ಕೈಯಲ್ಲಿರುವುದು ಅಪಾಯಿಂಟ್‌ಮೆಂಟ್ ಲೆಟರ್ ಮಾತ್ರ. ಆಗ ಚೌಕಾಸಿಯೇ ದಾರಿ.

ರಿಲೀವಿಂಗ್ ಲೆಟರ್ ಬೆದರಿಕೆ ಬಗ್ಗೆ. ಇದು ಕೆಲಸ ಮಾಡುವುದು ಭಯದಿಂದ. ಹೊಸ ಕಂಪನಿಯವರು ನಿಮ್ಮ ಹಿಂದಿನ ಕೆಲಸವನ್ನು ಈಗ ಪಿಎಫ್ ಖಾತೆಯ ಸೇವಾ ವಿವರ, ಫಾರ್ಮ್ 16, ಸಂಬಳದ ಸ್ಲಿಪ್ ಇವುಗಳಿಂದಲೂ ಪರಿಶೀಲಿಸುತ್ತಾರೆ. ಒಂಬತ್ತು ವರ್ಷ ಕೆಲಸ ಮಾಡಿದ್ದನ್ನು ಯಾರೂ ಅಳಿಸಲಾರರು. ಮೇಲಾಗಿ ಈ ಬೆದರಿಕೆಯನ್ನು ಅವರು ಯಾವತ್ತೂ ಬರವಣಿಗೆಯಲ್ಲಿ ಹಾಕುವುದಿಲ್ಲ. ಯಾಕೆ ಅಂತ 2017ರಲ್ಲಿ ಇಡೀ ದೇಶಕ್ಕೆ ಗೊತ್ತಾಯಿತು. ಟೆಕ್ ಮಹೀಂದ್ರದ ಎಚ್‌ಆರ್ ಒಬ್ಬರು ನೌಕರನಿಗೆ ಮರುದಿನ ಬೆಳಗ್ಗೆ ಹತ್ತು ಗಂಟೆಯೊಳಗೆ ರಾಜೀನಾಮೆ ಕೊಡಿ ಅನ್ನುತ್ತಿದ್ದ ಫೋನ್ ರೆಕಾರ್ಡಿಂಗ್ ಎಲ್ಲ ಕಡೆ ಹರಿದಾಡಿತು. ಆನಂದ್ ಮಹೀಂದ್ರ ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು. ಆಮೇಲಿಂದ ಇಂಥ ಮೀಟಿಂಗ್‌ಗಳಲ್ಲಿ ಫೋನ್ ಹೊರಗಿಟ್ಟು ಬನ್ನಿ ಅನ್ನುವುದು ಜಾಸ್ತಿಯಾಗಿದೆ ಅಂತ ನನ್ನ ಹತ್ತಿರ ಬರುವವರು ಹೇಳುತ್ತಾರೆ. ನಾನು ರೆಕಾರ್ಡಿಂಗ್‌ಗಿಂತ ಮೇಲ್ ಅನ್ನೇ ನಂಬುತ್ತೇನೆ.

ಇನ್ನೂ ಕೆಲವು ಉಪಾಯಗಳಿವೆ, ನಿಮಗೆ ಮುಂದೆ ಎದುರಾಗಬಹುದು. ಬೆಂಚ್ ಅವಧಿಗೆ ಮಿತಿ ಹಾಕುವುದು ಒಂದು. 2025ರಲ್ಲಿ ಟಿಸಿಎಸ್ ವರ್ಷಕ್ಕೆ 225 ಬಿಲ್ಲಿಂಗ್ ದಿನ (ಕ್ಲೈಂಟ್‌ನಿಂದ ದುಡ್ಡು ಬರುವ ಕೆಲಸದ ದಿನ) ಇರಲೇಬೇಕು, ಬೆಂಚ್ 35 ದಿನ ಮೀರಬಾರದು ಅನ್ನುವ ನಿಯಮ ತಂದಿತು. ಅದೇ ಜುಲೈನಲ್ಲಿ ನೌಕರರಲ್ಲಿ ಶೇಕಡಾ 2ರಷ್ಟು, ಅಂದರೆ ಸುಮಾರು 12,000 ಜನರನ್ನು ಕಡಿಮೆ ಮಾಡುತ್ತೇವೆ ಅಂದಿತು. ಪ್ರಾಜೆಕ್ಟ್ ತರುವುದು ಸೇಲ್ಸ್‌ನವರ ಕೆಲಸ, ಸಿಗದಿದ್ದರೆ ತಪ್ಪು ಟೆಸ್ಟರ್‌ನದು! ಇನ್ನೊಂದು ಉಪಾಯ, ದೂರದ ಊರಿಗೆ ವರ್ಗ, ವಾರದೊಳಗೆ ಹೋಗಬೇಕು ಅಂತ. ಹೊಸಬರಿಗಾದರೆ ‘ಟ್ರೈನಿ’ ಅನ್ನುವ ಪದವೇ ಸಾಕು. 2025ರ ಫೆಬ್ರವರಿಯಲ್ಲಿ ಮೈಸೂರಿನ ಇನ್ಫೋಸಿಸ್ ಕ್ಯಾಂಪಸ್‌ನಿಂದ 300ಕ್ಕೂ ಜಾಸ್ತಿ ಟ್ರೈನಿಗಳು ಹೊರಬಿದ್ದಾಗ, ಮೂರು ಅವಕಾಶ ಕೊಟ್ಟರೂ ಪರೀಕ್ಷೆ ಪಾಸಾಗಲಿಲ್ಲ, ಅದು ಒಪ್ಪಂದದಲ್ಲೇ ಇತ್ತು ಅಂತ ಕಂಪನಿ ಹೇಳಿತು. ನೌಕರರ ಸಂಘಟನೆ ಕೇಂದ್ರ ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಟ್ಟಿತು.

ನಿಮ್ಮ ವಿಷಯದಲ್ಲಿ ಜಾಸ್ತಿ ಸಾಧ್ಯತೆ ಇರುವುದು ಪಿಐಪಿ, ಅಂದರೆ ಪರ್ಫಾರ್ಮೆನ್ಸ್ ಇಂಪ್ರೂವ್‌ಮೆಂಟ್ ಪ್ಲಾನ್. ರಾಜೀನಾಮೆ ಹಾಕದಿದ್ದರೆ ಮುಂದಿನ ವಾರ ‘ಸುಧಾರಣಾ ಯೋಜನೆ’ ಅಂತ ಒಂದು ಕಾಗದ ಬರಬಹುದು. ಒಂಬತ್ತು ವರ್ಷ ಚೆನ್ನಾಗಿದ್ದವರು ಬೆಂಚ್‌ನಲ್ಲಿ ಎರಡು ತಿಂಗಳು ಕೂತು ಹೇಗೆ ಕೆಟ್ಟರು ಅಂತ ಕೇಳಬೇಡಿ, ಅದಕ್ಕೆ ಅವರಲ್ಲಿ ಉತ್ತರ ಇಲ್ಲ. ಬಂದರೆ ಸಹಿ ಮಾಡಿ, ಪಕ್ಕದಲ್ಲಿ ‘ಪ್ರತಿ ತಲುಪಿದೆ, ಒಪ್ಪಿಲ್ಲ’ ಅಂತ ಬರೆಯಿರಿ. ಗುರಿ ಏನು, ಅಳೆಯುವುದು ಹೇಗೆ, ಯಾರು ಅಂತ ಮೇಲ್‌ನಲ್ಲಿ ಕೇಳಿ. ವಾರವಾರ ಮಾಡಿದ್ದನ್ನು ಮೇಲ್‌ನಲ್ಲಿ ಕಳಿಸಿ. ಪಿಐಪಿಯಲ್ಲಿ ಫೇಲ್ ಅಂತ ತೆಗೆದರೂ, ಮೇಲೆ ಹೇಳಿದ ‘ಯಾವುದೇ ಕಾರಣಕ್ಕೆ’ ನೆನಪಿರಲಿ.

ಈಗ ಈ ಶನಿವಾರ, ಭಾನುವಾರ ಮಾಡಬೇಕಾದದ್ದು. ಲ್ಯಾಪ್‌ಟಾಪ್ ಆಕ್ಸೆಸ್ ಯಾವಾಗ ಬೇಕಾದರೂ ಹೋಗಬಹುದು. ನಿಮಗೆ ಸೇರಿದ ಕಾಗದಗಳನ್ನು ಮೊದಲು ಇಳಿಸಿಕೊಳ್ಳಿ: ಅಪಾಯಿಂಟ್‌ಮೆಂಟ್ ಲೆಟರ್, ಇನ್‌ಕ್ರಿಮೆಂಟ್ ಲೆಟರ್‌ಗಳು, ಅಪ್ರೈಸಲ್, ಸಂಬಳದ ಸ್ಲಿಪ್, ಫಾರ್ಮ್ 16, ಬಾಕಿ ರಜೆಯ ಪುಟ. ಕೋಡ್, ಕ್ಲೈಂಟ್‌ನ ಫೈಲ್, ಟೆಸ್ಟ್ ಡೇಟಾ ಒಂದನ್ನೂ ಮುಟ್ಟಬೇಡಿ. ಒಬ್ಬ ಹುಡುಗ ‘ನಾನು ಮಾಡಿದ ಕೆಲಸಕ್ಕೆ ಸಾಕ್ಷಿ ಇರಲಿ’ ಅಂತ ಪ್ರಾಜೆಕ್ಟ್ ಫೋಲ್ಡರನ್ನೇ ತನ್ನ ಸ್ವಂತ ಮೇಲ್‌ಗೆ ಕಳಿಸಿಕೊಂಡು ನನ್ನ ಹತ್ತಿರ ಬಂದಿದ್ದ. ಕಂಪನಿಗೆ ಅದಕ್ಕಿಂತ ದೊಡ್ಡ ಉಡುಗೊರೆ ಬೇಕಿರಲಿಲ್ಲ. ಲೇಆಫ್ ಹೋಗಿ ಡೇಟಾ ಕಳವಿನ ಶಿಸ್ತುಕ್ರಮ ಆಯಿತು, ಪರಿಹಾರದ ಮಾತೇ ಮುಚ್ಚಿಹೋಯಿತು.

ಆಮೇಲೆ ಎಚ್‌ಆರ್‌ಗೆ ಒಂದು ಮೇಲ್. ಮ್ಯಾನೇಜರ್‌ಗೂ ಪ್ರತಿ ಹೋಗಲಿ. ಇಂಗ್ಲಿಷಿನಲ್ಲೇ ಬರೆಯಿರಿ, ಸಾರ ಇಷ್ಟು: ‘ಗುರುವಾರ ಇಷ್ಟು ಹೊತ್ತಿಗೆ ಇಂಥ ಕೋಣೆಯಲ್ಲಿ ನಡೆದ ಮೀಟಿಂಗ್‌ನಲ್ಲಿ ಸೋಮವಾರದೊಳಗೆ ರಾಜೀನಾಮೆ ಕೊಡಲು ನನಗೆ ಹೇಳಿದಿರಿ. ಕೊಡದಿದ್ದರೆ ಟರ್ಮಿನೇಟ್ ಮಾಡುವುದಾಗಿಯೂ ರಿಲೀವಿಂಗ್ ಲೆಟರ್ ಕೊಡುವುದಿಲ್ಲವೆಂದೂ ಹೇಳಿದಿರಿ. ನನಗೆ ರಾಜೀನಾಮೆ ಕೊಡುವ ಇಚ್ಛೆ ಇಲ್ಲ. ಕೆಲಸ ಮಾಡಲು ಸಿದ್ಧನಿದ್ದೇನೆ. ಕಂಪನಿಗೆ ನನ್ನ ಸೇವೆ ಬೇಡವಾದರೆ ಕಾರಣವನ್ನೂ ಕಾನೂನು ಪ್ರಕಾರ ಬರಬೇಕಾದ ಮೊತ್ತವನ್ನೂ ಲಿಖಿತವಾಗಿ ತಿಳಿಸಿ.’ ಬೈಗುಳ ಬೇಡ, ಒಂಬತ್ತು ವರ್ಷದ ಕಥೆ ಬೇಡ. ಎಂಟು ಸಾಲು ದಾಟಬಾರದು. ಕಳಿಸಿದ ಮೇಲೆ ಪ್ರಿಂಟ್ ತೆಗೆದಿಟ್ಟುಕೊಳ್ಳಿ.

ಸೋಮವಾರ ಕರೆದರೆ ಹೋಗಿ. ಹಾಜರಿ ತಪ್ಪಿಸಬೇಡಿ, ಕೆಲಸ ಬಿಟ್ಟು ಓಡಿಹೋದರು ಅಂತ ಬರೆಯಲು ಅವಕಾಶ ಕೊಡಬೇಡಿ. ‘ಏನಿದ್ದರೂ ಮೇಲ್‌ನಲ್ಲಿ ಕೊಡಿ, ಓದಿ ಉತ್ತರ ಕೊಡುತ್ತೇನೆ’ ಅನ್ನುವುದನ್ನೇ ಎಷ್ಟು ಸಲ ಬೇಕಾದರೂ ಹೇಳಿ. ಹಾಳೆಯಲ್ಲಿ ಇದಕ್ಕೆ ಉತ್ತರ ಇರಲಿಲ್ಲ, ನನಗೆ ಚೆನ್ನಾಗಿ ನೆನಪಿದೆ.

ಅವರು ಟರ್ಮಿನೇಟ್ ಮಾಡಿಯೇ ಬಿಟ್ಟರೆ ಡೈರಿ ಸರ್ಕಲ್ ಹತ್ತಿರ, ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋಗಿ. ಅಲ್ಲಿ ರಾಜಿ ಸಂಧಾನಕ್ಕೆ ಅರ್ಜಿ ಕೊಡಬಹುದು. 45 ದಿನದಲ್ಲಿ ಬಗೆಹರಿಯದಿದ್ದರೆ ನೀವೇ ನೇರವಾಗಿ ನ್ಯಾಯಮಂಡಳಿಗೆ ಹೋಗಬಹುದು. ಹಳೆಯ ಕಾಯ್ದೆಯಲ್ಲಿ ಇದಕ್ಕೆ ಮೂರು ವರ್ಷ ಸಮಯವಿತ್ತು, ಈಗ ಎರಡೇ ವರ್ಷ. ಕೊನೆಯ ಸಂಬಳ ಎರಡು ಕೆಲಸದ ದಿನಗಳಲ್ಲಿ ಕೊಡಬೇಕು ಅಂತ ವೇತನ ಸಂಹಿತೆ ಹೇಳುತ್ತದೆ. ‘ಫುಲ್ ಅಂಡ್ ಫೈನಲ್‌ಗೆ 45 ದಿನ ಆಗುತ್ತೆ’ ಅನ್ನುವುದು ಅವರ ಪದ್ಧತಿ, ಕಾನೂನಿನದಲ್ಲ. ಒಬ್ಬರೇ ಹೋಗಲು ಹಿಂಜರಿಕೆ ಇದ್ದರೆ ಕೆಐಟಿಯು, ಅಂದರೆ ಕರ್ನಾಟಕ ರಾಜ್ಯ ಐಟಿ, ಐಟಿಇಎಸ್ ನೌಕರರ ಸಂಘ ಇದೆ. ಇಂಥ ದೂರುಗಳು ಅವರಿಗೆ ದಿನನಿತ್ಯದ ಕೆಲಸ.

ಇದನ್ನು ಓದುತ್ತಿರುವ ಬೇರೆಯವರು ಆಗಲೇ ಬಟನ್ ಒತ್ತಿದ್ದರೆ? ಕೊನೆಯ ದಿನ ಇನ್ನೂ ಬಂದಿಲ್ಲದಿದ್ದರೆ ಇವತ್ತೇ ವಾಪಸ್ ತೆಗೆದುಕೊಳ್ಳುತ್ತಿದ್ದೇನೆ ಅಂತ ಮೇಲ್ ಮಾಡಿ, ಒತ್ತಾಯ ಹೇಗಾಯಿತು ಅಂತ ಬರೆಯಿರಿ. ಕೊಂಕಣ ರೈಲ್ವೆಯ ನೌಕರರೊಬ್ಬರು ಹೀಗೆ ವಾಪಸ್ ತೆಗೆದುಕೊಂಡದ್ದನ್ನು 2024ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು. ಅದು ಸರ್ಕಾರಿ ಸಂಸ್ಥೆ, ಖಾಸಗಿಯವರ ವಿಷಯದಲ್ಲಿ ಅಷ್ಟು ಸಲೀಸಲ್ಲ. ಆದರೂ ಆ ಮೇಲ್ ಇದ್ದರೆ ಸಂಧಾನದ ಟೇಬಲ್‌ನಲ್ಲಿ ಮಾತಿಗೆ ತೂಕ ಬರುತ್ತದೆ.

ಕೇಸು ಹಾಕಿ ಕೆಲಸ ಉಳಿಸಿಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ಚೆನ್ನೈನ ಆ ಎಂಜಿನಿಯರ್‌ಗೆ ಏಳು ವರ್ಷ ಹಿಡಿಯಿತು. ಮನೆ ಸಾಲದ ಕಂತು ಏಳು ವರ್ಷ ಕಾಯುವುದಿಲ್ಲ. ಹೊರಡುವುದೇ ಸರಿ ಅನಿಸಿದರೆ ಹೊರಡಿ, ಆದರೆ ನಿಮ್ಮ ಬೆಲೆಗೆ. ನೋಟಿಸ್ ಸಂಬಳ ಎಷ್ಟು, ಗ್ರಾಚ್ಯುಟಿ ಎಷ್ಟು, ರಜೆ ದುಡ್ಡು ಎಷ್ಟು, ಇವೆಲ್ಲದರ ಮೇಲೆ ಪರಿಹಾರ ಎಷ್ಟು ಅಂತ ಬೇರೆಬೇರೆ ಸಾಲಿನಲ್ಲಿ ಬರೆಸಿ. ದುಡ್ಡು ಬರುವ ತಾರೀಕು ಬರೆಸಿ. ರಿಲೀವಿಂಗ್ ಲೆಟರ್‌ನ ಪಠ್ಯವನ್ನೂ ಅದಕ್ಕೇ ಲಗತ್ತಿಸಲು ಹೇಳಿ. ಅದೆಲ್ಲ ಕೈಗೆ ಬಂದ ಮೇಲೆ ಬಟನ್. ಎಂಟು ಸಾಲಿನ ಆ ಮೇಲ್ ಹೋದ ಮೇಲೆ ಮೂರು ತಿಂಗಳಿದ್ದದ್ದು ಆರು, ಏಳು ತಿಂಗಳಾದದ್ದನ್ನು ನಾನು ನೋಡಿದ್ದೇನೆ.

ನಿಮ್ಮ ಮನೆಯವರು ಹೆಸರು ಕೆಡುತ್ತದೆ ಅಂತ ಹೆದರುವುದು ಸಹಜ. ಊರಿನಲ್ಲಿ ‘ಕೆಲಸದಿಂದ ತೆಗೆದರಂತೆ’ ಅಂದರೆ ಏನೋ ತಪ್ಪು ಮಾಡಿದ್ದಾನೆ ಅಂತಲೇ ಅರ್ಥ. ಇಂಟರ್‌ವ್ಯೂನಲ್ಲಿ ಹಾಗಿಲ್ಲ. ‘ಪ್ರಾಜೆಕ್ಟ್ ಮುಗಿಯಿತು, ನನ್ನ ತಂಡವನ್ನು ಲೇಆಫ್ ಮಾಡಿದರು’ ಅಂದರೆ ಎದುರು ಕೂತವರು ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ಅವರ ತಂಡದಲ್ಲೂ ಅದೇ ನಡೆದಿರುತ್ತದೆ. ಬೇರೆ ಕೆಲಸ ಕೈಯಲ್ಲಿಲ್ಲದೆ, ಮನೆ ಸಾಲ ಇಟ್ಟುಕೊಂಡು ‘ವೈಯಕ್ತಿಕ ಕಾರಣಕ್ಕೆ ಬಿಟ್ಟೆ’ ಅಂದವರನ್ನೇ ಅವರು ಇನ್ನೆರಡು ಪ್ರಶ್ನೆ ಜಾಸ್ತಿ ಕೇಳುವುದು. ಇದನ್ನು ನಿಮ್ಮ ಮನೆಯವರಿಗೂ ಓದಿ ಹೇಳಿ, ಆಮೇಲೆ ಮೇಲ್ ಕಳಿಸಿ.